ಎರಡು ವರ್ಷದ ಸ್ಥಿರ ಬಡ್ಡಿ: ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಪ್ರಥಮ ಪಿಯುಸಿಯ ಬೇಸಿಕ್ ಮ್ಯಾಥ್ಸ್‌ನಲ್ಲಿ ವರ್ಷಾಶನದ ಪಾಠ ಬಂದಾಗ ನಮ್ಮಲ್ಲಿ ಹಲವರು ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತೆವು. ನನಗೆ ಮರೆಯಲಾಗಲಿಲ್ಲ. ಅದೇ ತಿಂಗಳು, 2023ರ ನವೆಂಬರ್‌ನಲ್ಲಿ, ನಮ್ಮ ಮನೆಗೆ ಬ್ಯಾಂಕಿನಿಂದ ಒಂದು ಪತ್ರ ಬಂತು. ಉಪ್ಪ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟು, "ನೀನು ಕಾಮರ್ಸ್ ಅಲ್ವಾ, ಇದೇನೆಂದು ನೋಡು" ಎಂದರು.

ಉಪ್ಪನಿಗೆ ಬಸ್ ನಿಲ್ದಾಣದ ಬಳಿ ಸಣ್ಣ ಬಟ್ಟೆ ಅಂಗಡಿಯಿದೆ. 2021ರ ನವೆಂಬರ್‌ನಲ್ಲಿ ಮನೆ ಕಟ್ಟಲು 20 ವರ್ಷಕ್ಕೆ 25 ಲಕ್ಷ ರೂಪಾಯಿ ಸಾಲ ಮಾಡಿದ್ದರು. ಮೊದಲ ಎರಡು ವರ್ಷ ಶೇ. 7ರ ಸ್ಥಿರ ಬಡ್ಡಿ, ಆಮೇಲೆ ಫ್ಲೋಟಿಂಗ್ ಬಡ್ಡಿ. ತಿಂಗಳ ಕಂತು 19,382 ರೂಪಾಯಿ. ನಮ್ಮ ಮನೆಯಲ್ಲಿ ಎಲ್ಲರ ತಲೆಯಲ್ಲಿ ಉಳಿದದ್ದು "ಶೇ. 7, ಸ್ಥಿರ" ಎಂಬ ಎರಡೇ ಮಾತು. "ಎರಡು ವರ್ಷ" ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನು ಮುಂದೆ ಬಡ್ಡಿ ಶೇ. 9.25, ಕಂತು ಹೆಚ್ಚಿಸಬೇಕೇ ಅಥವಾ ಅವಧಿ ವಿಸ್ತರಿಸಬೇಕೇ ತಿಳಿಸಿ ಎಂದು ಆ ಪತ್ರದಲ್ಲಿತ್ತು.

ಬಡ್ಡಿಯ ವ್ಯವಹಾರದ ಬಗ್ಗೆ ನಮ್ಮ ಅನೇಕ ಮನೆಗಳಲ್ಲಿ ಬೇರೆಯೇ ಚರ್ಚೆ ಇದೆ. ಅದು ನನ್ನ ವಯಸ್ಸಿಗೂ ಓದಿಗೂ ಮೀರಿದ್ದು, ತಿಳಿದವರನ್ನೇ ಕೇಳಬೇಕು. ಆದರೆ ಸಾಲ ಮಾಡಿ ಆಗಿರುವ ಮನೆಗಳೂ ನಮ್ಮ ನಡುವೆ ಇವೆ. ಅಂಥ ಮನೆಯ ಮಕ್ಕಳಿಗೆ ಲೆಕ್ಕ ಗೊತ್ತಿರಬೇಕು ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಡ್ಡಿ ಏಕೆ ಬದಲಾಯಿತು?

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಹಣ ಕೊಡುವ ದರಕ್ಕೆ ರೆಪೊ ದರ ಎನ್ನುತ್ತಾರೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಫ್ಲೋಟಿಂಗ್ ಗೃಹಸಾಲವನ್ನು ರೆಪೊದಂತಹ ಹೊರಗಿನ ದರವೊಂದಕ್ಕೆ ಜೋಡಿಸಲೇಬೇಕು. ರೆಪೊ ದರದ ಮೇಲೆ ಬ್ಯಾಂಕ್ ತನ್ನ ಪಾಲನ್ನು ಸೇರಿಸುತ್ತದೆ. ನಮ್ಮ ಸಾಲದಲ್ಲಿ ಆ ಪಾಲು ಶೇ. 2.75.

ನಾವು ಸಾಲ ಮಾಡಿದಾಗ ರೆಪೊ ಶೇ. 4 ಇತ್ತು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ ಅದನ್ನು ಅಷ್ಟು ಕೆಳಕ್ಕೆ ಇಳಿಸಿದ್ದರು. ಬೆಲೆ ಏರಿಕೆ ತಡೆಯಲು 2022ರ ಮೇ ತಿಂಗಳಿಂದ ಏರಿಸುತ್ತಾ ಹೋದರು. 2023ರ ಫೆಬ್ರವರಿಗೆ ಅದು ಶೇ. 6.50 ಆಯಿತು. ಅದಕ್ಕೆ 2.75 ಸೇರಿಸಿದರೆ 9.25. ಪತ್ರದಲ್ಲಿದ್ದ ಅಂಕಿ ಇದೇ. ಬ್ಯಾಂಕ್ ಮೋಸ ಮಾಡಿರಲಿಲ್ಲ, ಎಲ್ಲವೂ ಒಪ್ಪಂದದಲ್ಲೇ ಇತ್ತು. ನಾವು ಓದಿರಲಿಲ್ಲ, ಅಷ್ಟೆ.

ನೋಟ್‌ಬುಕ್ಕಿನ ಕೊನೆಯ ಪುಟದ ಲೆಕ್ಕ

ಎರಡು ವರ್ಷದಲ್ಲಿ ನಾವು ಕಟ್ಟಿದ್ದು ಸುಮಾರು 4.65 ಲಕ್ಷ. ಅದರಲ್ಲಿ ಅಸಲಿಗೆ ಹೋದದ್ದು 1.23 ಲಕ್ಷ ಮಾತ್ರ, ಉಳಿದ 3.42 ಲಕ್ಷ ಬಡ್ಡಿಗೆ. ದೀರ್ಘಾವಧಿ ಸಾಲದ ಮೊದಲ ವರ್ಷಗಳು ಹೀಗೆಯೇ ಇರುತ್ತವೆ. ಬಾಕಿ ಉಳಿದದ್ದು 23.77 ಲಕ್ಷ, 216 ಕಂತುಗಳು.

ಕಂತು ಹೆಚ್ಚಿಸುವುದು ಬೇಡ, ಅವಧಿಯೇ ಹೆಚ್ಚಲಿ ಎಂದು ಉಪ್ಪ ಹೇಳಿದರು. ಅಂಗಡಿಯಲ್ಲಿ ಹಬ್ಬ, ಮದುವೆ ಕಾಲ ಬಿಟ್ಟರೆ ವ್ಯಾಪಾರ ಅಷ್ಟಕ್ಕಷ್ಟೆ. ನಾನು ಸೂತ್ರ ಹಾಕಿ ನೋಡಿದೆ. ಶೇ. 9.25ರಂತೆ 23.77 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 18,321 ರೂಪಾಯಿ. 19,382 ರೂಪಾಯಿ ಕಟ್ಟಿದರೆ ಅಸಲಿಗೆ ಹೋಗುವುದು 1,061 ರೂಪಾಯಿ. ಈ ವೇಗದಲ್ಲಿ ಸಾಲ ತೀರಲು 378 ತಿಂಗಳಿಗಿಂತ ಹೆಚ್ಚು ಬೇಕು. ಅಂದರೆ ಉಳಿದಿದ್ದ 18 ವರ್ಷ 31 ವರ್ಷ ಆರು ತಿಂಗಳಾಗುತ್ತದೆ. ಉಪ್ಪನಿಗೆ ಆಗ 47 ವರ್ಷ. ಉತ್ತರ ತಪ್ಪಿರಬೇಕೆಂದು ನಾನು ಮೂರು ಸಲ ಮಾಡಿದೆ, ಮರುದಿನ ನಮ್ಮ ಲೆಕ್ಚರರ್‌ಗೆ ತೋರಿಸಿದೆ. ತಪ್ಪಿರಲಿಲ್ಲ. ಅಷ್ಟು ಉದ್ದದ ಅವಧಿ ಕೊಡಲಾಗದು ಎಂದು ಬ್ಯಾಂಕಿನವರೂ ಹೇಳಿದರು.

ಅವಧಿ 18 ವರ್ಷವೇ ಇರಬೇಕಾದರೆ ಕಂತು 22,630 ರೂಪಾಯಿ ಆಗಬೇಕು. ತಿಂಗಳಿಗೆ 3,248 ರೂಪಾಯಿ ಹೆಚ್ಚು. ಆ ರಾತ್ರಿ ಅಕ್ಕ ಡಿಗ್ರಿ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ ಎಂದಳು. ಉಮ್ಮ ಏನೂ ಹೇಳದೆ ಒಳಗೆ ಹೋಗಿ ಬಳೆಗಳನ್ನು ತಂದಿಟ್ಟರು. ಬಳೆ ಮಾರಿದ ಹಣ, ಚೀಟಿಯ ಹಣ ಎರಡೂ ಸೇರಿ 2 ಲಕ್ಷ ಅಸಲಿಗೆ ಕಟ್ಟಿದೆವು. ಕಂತು 20,725ಕ್ಕೆ ನಿಂತಿತು. ಅಕ್ಕ ಕಾಲೇಜು ಬಿಡಲಿಲ್ಲ.

ಹಾಗಾದರೆ ಸ್ಥಿರ ಬಡ್ಡಿ ತಪ್ಪೇ?

ಅಲ್ಲ. ಇದು ನಾನು ಆಮೇಲೆ ಕಲಿತ ಪಾಠ. ಮೊದಲಿಂದಲೇ ಫ್ಲೋಟಿಂಗ್ ಬಡ್ಡಿ ಆರಿಸಿದ್ದರೆ ಶೇ. 6.75ರಿಂದ ಶುರುವಾಗುತ್ತಿತ್ತು. ಶೇ. 7 ಕೊಟ್ಟು ನಾವು ಆರಂಭದಲ್ಲಿ ತಿಂಗಳಿಗೆ ಸುಮಾರು 520 ರೂಪಾಯಿ ಬಡ್ಡಿ ಹೆಚ್ಚು ಕೊಟ್ಟೆವು. ಆದರೆ 2022ರ ಮೇ ನಂತರ ರೆಪೊ ಏರಿದಾಗ ಉಳಿದವರ ಬಡ್ಡಿ 8, 9 ಎಂದು ಏರುತ್ತಿದ್ದರೆ ನಮ್ಮದು 7ರಲ್ಲೇ ನಿಂತಿತ್ತು. ಎರಡು ವರ್ಷದ ಸ್ಥಿರ ಬಡ್ಡಿ ನಮಗೆ ಲಾಭವನ್ನೇ ತಂದಿತು. ಆ ಅವಧಿಯಲ್ಲಿ ಮುಂದಿನದಕ್ಕೆ ಹಣ ತೆಗೆದಿಡದೆ ಹೋದದ್ದು ನಮ್ಮ ತಪ್ಪು. ಸ್ಥಿರ ಬಡ್ಡಿಯ ಕಾಲ ಕೊಡೆಯ ಹಾಗೆ. ಮಳೆ ನಿಲ್ಲಿಸುವುದಿಲ್ಲ, ಮನೆ ಸೇರುವವರೆಗೆ ನೆನೆಯದಂತೆ ಕಾಯುತ್ತದೆ.

ಬ್ರಿಟನ್‌ನಲ್ಲಿ ಎರಡು ಅಥವಾ ಐದು ವರ್ಷದ ಸ್ಥಿರ ಬಡ್ಡಿಯೇ ವಾಡಿಕೆ. ಅವಧಿ ಮುಗಿಯುವಾಗ ಜನ ಹೊಸ ಒಪ್ಪಂದ ಹುಡುಕುತ್ತಾರೆ. ಅಲ್ಲಿನ ಕೇಂದ್ರ ಬ್ಯಾಂಕಿನ ದರ 2021ರ ಡಿಸೆಂಬರ್ ಆರಂಭದಲ್ಲಿ ಶೇ. 0.1 ಇದ್ದದ್ದು 2023ರ ಆಗಸ್ಟ್‌ಗೆ ಶೇ. 5.25 ಆದಾಗ ಅಲ್ಲಿಯ ಮನೆಗಳಿಗೂ ನಮ್ಮಂಥದೇ ಆಘಾತ ಆಯಿತು. ನಮ್ಮ ದೇಶದಲ್ಲೂ ಇದು ಹೊಸದಲ್ಲ. 2009ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಮೊದಲ ವರ್ಷಕ್ಕೆ ಶೇ. 8ರ ಗೃಹಸಾಲ ತಂದಿತು, ಬೇರೆ ಬ್ಯಾಂಕುಗಳೂ ಹಿಂಬಾಲಿಸಿದವು. ಬಡ್ಡಿ ಏರಿದ ಮೇಲೆ ಜನ ಕಟ್ಟಲಾಗದೆ ಹೋದರೆ ಏನು ಗತಿ ಎಂದು ರಿಸರ್ವ್ ಬ್ಯಾಂಕ್ 2010ರ ನವೆಂಬರ್‌ನಲ್ಲಿ, ಇಂಥ ಸಾಲಗಳಿಗೆ ಬ್ಯಾಂಕುಗಳು ಮುನ್ನೆಚ್ಚರಿಕೆಯಾಗಿ ತೆಗೆದಿಡಬೇಕಾದ ಹಣವನ್ನು ಶೇ. 0.40ರಿಂದ ಶೇ. 2ಕ್ಕೆ ಏರಿಸಿತು.

ಕೇಳಬೇಕಾದ ಆರು ಪ್ರಶ್ನೆಗಳು

1. ಸ್ಥಿರ ಬಡ್ಡಿ ಯಾವ ತಾರೀಕಿಗೆ ಮುಗಿಯುತ್ತದೆ? ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆರು ತಿಂಗಳು ಮೊದಲೇ ತಯಾರಿ ಶುರು ಮಾಡಿ.

2. ಆಮೇಲಿನ ಬಡ್ಡಿ ಯಾವುದಕ್ಕೆ ಜೋಡಣೆಯಾಗಿದೆ, ಅದರ ಮೇಲೆ ಎಷ್ಟು ಸೇರಿಸುತ್ತಾರೆ? ಬ್ಯಾಂಕ್ ಆದರೆ ಹೊರಗಿನ ದರಕ್ಕೆ ಜೋಡಣೆ ಇರುತ್ತದೆ. ಗೃಹಸಾಲ ಕಂಪನಿಗಳಿಗೆ ಆ ನಿಯಮವಿಲ್ಲ, ಅವು ತಮ್ಮದೇ ದರ ಇಟ್ಟುಕೊಳ್ಳಬಹುದು. ಮೊದಲ ಎರಡು ವರ್ಷದ ದರಕ್ಕಿಂತ ಉಳಿದ 18 ವರ್ಷದ ಲೆಕ್ಕ ಮುಖ್ಯ.

3. ಸ್ಥಿರ ಅವಧಿಯಲ್ಲಿ ಮುಂಗಡ ಕಟ್ಟಿದರೆ ದಂಡವಿದೆಯೇ? ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಗೃಹಸಾಲಕ್ಕೆ ದಂಡ ಹಾಕುವಂತಿಲ್ಲ, ಸ್ಥಿರ ಅವಧಿಯಲ್ಲಿ ಇರಬಹುದು. ನಮ್ಮ ಒಪ್ಪಂದದಲ್ಲಿ ಶೇ. 2 ಇತ್ತು. ಅದೇ 2 ಲಕ್ಷವನ್ನು ಒಂದು ತಿಂಗಳು ಮೊದಲು ಕಟ್ಟಿದ್ದರೆ 4,000 ರೂಪಾಯಿ ದಂಡ ತೆರಬೇಕಿತ್ತು. ಹತ್ತಿರದಲ್ಲೇ ಜಾಗ ಮಾರಿ ಹಣ ಬರುವುದಿದೆ, ಸಾಲ ಬೇಗ ತೀರಿಸುತ್ತೇವೆ ಎನ್ನುವವರಿಗೆ ಫ್ಲೋಟಿಂಗ್ ಅನುಕೂಲ.

4. ಬಡ್ಡಿ ಶೇ. 2 ಏರಿದರೆ ಕಂತು ಎಷ್ಟಾಗುತ್ತದೆ? ಆ ಕಂತು ಈಗಲೇ ಕಟ್ಟಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಸಾಲದ ಮೊತ್ತವೇ ಹೆಚ್ಚಾಯಿತು ಎಂದರ್ಥ.

5. ಕಂತು, ಅವಧಿ ಇವುಗಳಲ್ಲಿ ಯಾವುದು ಬದಲಾಗಬೇಕೆಂದು ನಮ್ಮನ್ನು ಕೇಳುತ್ತೀರಾ? 2023ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಆದೇಶದ ಪ್ರಕಾರ ಬಡ್ಡಿ ಬದಲಾಗುವಾಗ ಈ ಆಯ್ಕೆ ಸಾಲಗಾರರಿಗೆ ಇರಬೇಕು. ಎಷ್ಟು ಕಂತು ಬಾಕಿ ಇದೆ ಎಂಬ ವಿವರವನ್ನೂ ಮೂರು ತಿಂಗಳಿಗೊಮ್ಮೆ ಕೊಡಬೇಕು. ನಮಗೆ ಬಂದ ಪತ್ರದಲ್ಲಿ ಆಯ್ಕೆ ಕೇಳಿದ್ದು ಇದರಿಂದಲೇ.

6. ಮುಖ್ಯ ವಿವರಗಳ ಪತ್ರ ಎಲ್ಲಿ? 2024ರ ಅಕ್ಟೋಬರ್ 1ರಿಂದ ಗೃಹಸಾಲ ಸೇರಿದಂತೆ ವ್ಯಕ್ತಿಗಳ ಸಾಲಗಳಿಗೆ ಇದನ್ನು ಕೊಡುವುದು ಕಡ್ಡಾಯ, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲೇ ಕೊಡಿ ಎಂದು ಕೇಳಲು ಸಂಕೋಚ ಬೇಡ. ಅದನ್ನು ಓದಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವೂ ಇದೆ. "ಇವತ್ತೇ ಸಹಿ ಹಾಕಿ" ಎಂದರೆ ಮನೆಗೆ ತನ್ನಿ, ಮಕ್ಕಳ ಕೈಗೆ ಕೊಡಿ.

2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 6.25ಕ್ಕೆ ಇಳಿಸಿತು. ಸುದ್ದಿ ಟಿವಿಯಲ್ಲಿ ಬಂದಾಗ ಉಪ್ಪ ಅಂಗಡಿಯಿಂದಲೇ ಫೋನ್ ಮಾಡಿದರು. "ನಮ್ಮದು ಇನ್ನು ಒಂಬತ್ತು ಆಗಬೇಕಲ್ವಾ? ಕಂತು ಇಳಿಸುವುದು ಬೇಡ, ತಿಂಗಳುಗಳನ್ನೇ ಇಳಿಸಲಿ. ಎಷ್ಟು ಕಡಿಮೆಯಾಗುತ್ತದೆ, ಲೆಕ್ಕ ಹಾಕಿಡು" ಎಂದರು.

ಉಮ್ಮನ ಕೈ ಇನ್ನೂ ಬರಿದಾಗಿಯೇ ಇದೆ. ಗೆಳೆಯರೇ, ವರ್ಷಾಶನದ ಆ ಸೂತ್ರವನ್ನು ಪರೀಕ್ಷೆ ಮುಗಿದ ಮೇಲೂ ದಯವಿಟ್ಟು ಮರೆಯಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ