ಸಿಡುಬಿನ ನಿರ್ಮೂಲನ ಮತ್ತು ರಾಷ್ಟ್ರಗಳ ಸಹಭಾಗಿತ್ವ

ಸಾಂಕ್ರಾಮಿಕ ರೋಗಗಳು ರಾಜ್ಯಗಳ ಎಲ್ಲೆಗಳನ್ನು ಲೆಕ್ಕಿಸವು. ಅವುಗಳನ್ನು ತಡೆಯಲು ಕೂಡಿದ ಸಭೆಗಳಾದರೋ ಬಹುಕಾಲ ಕೆಲವೇ ರಾಜ್ಯಗಳಿಗೆ ಮೀಸಲಾಗಿದ್ದುವು. 1851ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ರಥಮ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನದಲ್ಲಿ ಭಾಗವಹಿಸಿದುವು ಹನ್ನೆರಡು ರಾಜ್ಯಗಳು ಮಾತ್ರ. 1866ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನವು ಕಾಲರಾದ ತವರು ಭಾರತವೆಂದು ನಿರ್ಣಯಿಸಿತು. ಭಾರತದ ಪರವಾಗಿ ಮಾತನಾಡಿದವರು ಮಾತ್ರ ಬ್ರಿಟಿಷ್ ಪ್ರತಿನಿಧಿಗಳು. ರೋಗದಿಂದ ನರಳುತ್ತಿದ್ದವರಿಗೆ ಸಭೆಯಲ್ಲಿ ಸ್ವಂತ ಸ್ಥಾನವಿರಲಿಲ್ಲ.

1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಸದಸ್ಯತ್ವವನ್ನು ಸಕಲ ರಾಜ್ಯಗಳಿಗೂ ತೆರೆದಿಟ್ಟಿತು. ಈ ತತ್ತ್ವದ ಪರೀಕ್ಷೆಗೆ ತಡವಾಗಲಿಲ್ಲ. 1949ರಲ್ಲಿ ಸೋವಿಯತ್ ಒಕ್ಕೂಟವು ಸಂಸ್ಥೆಯನ್ನು ತೊರೆಯುವುದಾಗಿ ತಿಳಿಸಿತು. ಸಂಸ್ಥೆಯಾದರೋ ಅದರ ಹೆಸರನ್ನು ಹೊಡೆದುಹಾಕದೆ, ನಿಷ್ಕ್ರಿಯ ಸದಸ್ಯವೆಂದು ಭಾವಿಸಿ ಬಾಗಿಲನ್ನು ತೆರೆದೇ ಇಟ್ಟಿತು. ಇದರ ಫಲವನ್ನು ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮರಳಿ ಬಂದ ಒಕ್ಕೂಟದ ಪ್ರತಿನಿಧಿ ವಿಕ್ಟರ್ ಝ್ಡಾನೋವ್ ಅವರೇ 1958ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯ ಮುಂದೆ ಸಿಡುಬನ್ನು ಭೂಮಂಡಲದಿಂದಲೇ ಅಳಿಸಬೇಕೆಂಬ ಸಲಹೆಯನ್ನಿಟ್ಟರು.

1967ರಲ್ಲಿ ತೀವ್ರಗೊಂಡ ಕಾರ್ಯಕ್ರಮದ ಹೊಣೆಯನ್ನು ಅಮೆರಿಕದ ವೈದ್ಯ ಡಿ. ಎ. ಹೆಂಡರ್ಸನ್ ವಹಿಸಿದರು. ಸೆಕೆಯಲ್ಲಿಯೂ ಕೆಡದ ಒಣಲಸಿಕೆಯನ್ನು ಸೋವಿಯತ್ ಒಕ್ಕೂಟವು ಅಪಾರವಾಗಿ ದಾನಮಾಡಿತು. ಸ್ವಲ್ಪ ಲಸಿಕೆಯಲ್ಲಿಯೇ ಕಾರ್ಯ ಸಾಧಿಸುವ ಕವಲುಸೂಜಿ ಅಮೆರಿಕದಿಂದ ಬಂದಿತು. ಒಣಲಸಿಕೆಯನ್ನು ತಯಾರಿಸಿದ ಭಾರತೀಯ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯ ಸಂಸ್ಥೆಯೂ ಒಂದು. ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿದವರು ಆಯಾ ನಾಡಿನ ಕಾರ್ಯಕರ್ತರೇ. ಭಾರತದಲ್ಲಿ ಕಡೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ; ಸಹಜವಾಗಿ ಹರಡಿದ ಸಿಡುಬಿನ ಕಡೆಯ ಪ್ರಕರಣ ಸೊಮಾಲಿಯದಲ್ಲಿ, 1977ರ ಅಕ್ಟೋಬರಿನಲ್ಲಿ.

ಆದರೂ ಒಂದು ತೊಡಕು ಉಳಿದಿತ್ತು. 1972ರವರೆಗೆ ಚೀನೀ ಜನತಾ ಗಣರಾಜ್ಯಕ್ಕೆ ಸಂಸ್ಥೆಯಲ್ಲಿ ಸ್ಥಾನವಿರಲಿಲ್ಲ. ಅಲ್ಲಿ ಸಿಡುಬು 1960ರ ದಶಕದಲ್ಲಿಯೇ ಅಳಿದಿದ್ದರೂ ಹೊರಗಿನವರಿಗೆ ಅದರ ಪ್ರಮಾಣ ದೊರೆತಿರಲಿಲ್ಲ. 1979ರಲ್ಲಿ ತಜ್ಞರ ತಂಡವೊಂದು ಅಲ್ಲಿಗೆ ಹೋಗಿ ಪರಿಶೀಲಿಸಿತು. 1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು.

ಈ ರಾಷ್ಟ್ರಗಳು ಪರಸ್ಪರ ಮಿತ್ರರಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಸಹಭಾಗಿತ್ವಕ್ಕೆ ಸ್ನೇಹವು ಪೂರ್ವನಿಯಮವಾಗಿದ್ದಿದ್ದರೆ ಸಿಡುಬು ಇನ್ನೂ ಉಳಿದಿರುತ್ತಿತ್ತೇನೋ. 2025ರ ಜನವರಿಯಲ್ಲಿ ಅಮೆರಿಕವೇ ಈ ಸಂಸ್ಥೆಯನ್ನು ಬಿಡುವ ನಿರ್ಧಾರವನ್ನು ಪ್ರಕಟಿಸಿದುದನ್ನು ಕಂಡವರಿಗೆ ಮೇಲಣ ವೃತ್ತಾಂತ ಹಳೆಯ ಕಥೆಯೆಂದು ತೋರಲಾರದು. ಹೊರಗುಳಿದ ದೇಶವು ತನ್ನ ಲಾಭವನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಅದರ ಲಸಿಕೆ, ಅನುಭವ, ರೋಗವಾರ್ತೆಗಳಿಂದ ಉಳಿದವರೂ ವಂಚಿತರಾಗುತ್ತಾರೆ.