ನಾಯಿಯ ಲಿವರ್ ರಿಪೋರ್ಟ್‌ನಲ್ಲಿ ಏರುಪೇರು: ಗಾಬರಿ ಬೇಡ, ಅರ್ಥ ಮಾಡ್ಕೊಳ್ಳಿ

ತೋಟ ಕಾಯೋ ನಾಯಿ ಎರಡು ದಿನದಿಂದ ಊಟ ಬಿಟ್ಟಿದೆ, ವಾಂತಿ ಮಾಡ್ತಿದೆ. ಡಾಕ್ಟ್ರು ರಕ್ತ ತೆಗೆದು ಲ್ಯಾಬ್‌ಗೆ ಕಳಿಸಿದ್ರು. ಸಂಜೆ ವಾಟ್ಸಾಪ್‌ಗೆ ಬಂದ ರಿಪೋರ್ಟ್‌ನಲ್ಲಿ ನಾಲ್ಕು ಕಡೆ ‘ಹೈ’ ಅಂತ ಇದೆ. ಹಾಗಾದ್ರೆ ಲಿವರ್ ಕೆಟ್ಟೇ ಹೋಯ್ತಾ? ಹಾಗೇನಿಲ್ಲ. ಒಂದೊಂದು ಅಂಕಿ ಒಂದೊಂದು ವಿಷಯ ಹೇಳುತ್ತೆ.

ಯಾವ ಅಂಕಿ ಏನು ಹೇಳುತ್ತೆ?

ಎಎಲ್‌ಟಿ: ಕೆಲವು ಲ್ಯಾಬ್‌ನವರು ಎಸ್‌ಜಿಪಿಟಿ ಅಂತ ಬರೀತಾರೆ. ಇದು ಮುಖ್ಯವಾಗಿ ಲಿವರ್ ಜೀವಕೋಶದ ಒಳಗಿರುತ್ತೆ. ಜೀವಕೋಶಕ್ಕೆ ಪೆಟ್ಟು ಬಿದ್ದಾಗ ಸೋರಿ ರಕ್ತಕ್ಕೆ ಬರುತ್ತೆ.

ಎಎಸ್‌ಟಿ: ಇದು ಮಾಂಸಖಂಡದಲ್ಲೂ ಇದೆ. ನಾಯಿಗೆ ಬೈಕ್ ತಾಗಿದ್ರೂ, ಜಗಳದಲ್ಲಿ ಗಾಯವಾದ್ರೂ ಏರುತ್ತೆ.

ಎಎಲ್‌ಪಿ: ಪಿತ್ತದ ಹರಿವಿಗೆ ತಡೆಯಾದರೆ ಏರುತ್ತೆ. ಆದರೆ ಬೆಳೆಯೋ ಮರಿಗಳಲ್ಲಿ ಮೂಳೆಯಿಂದಲೂ ಹೆಚ್ಚಿರುತ್ತೆ. ತುರಿಕೆಗೆ ಸ್ಟೆರಾಯ್ಡ್ ಕೊಟ್ಟಿದ್ರೆ ನಾಯಿಗಳಲ್ಲಿ ಇದು ಜೋರಾಗಿ ಏರಬಹುದು.

ಬಿಲಿರುಬಿನ್: ಇದು ಹೆಚ್ಚಾದರೆ ಕಣ್ಣು, ವಸಡು ಹಳದಿಯಾಗುತ್ತೆ. ತಪ್ಪು ಯಾವಾಗಲೂ ಲಿವರ್‌ದೇ ಅಲ್ಲ. ಉಣ್ಣೆಯಿಂದ ಬರುವ ಬೆಬಿಸಿಯಾ ರೋಗದಲ್ಲಿ ಕೆಂಪು ರಕ್ತಕಣ ಒಡೆದರೂ ಹೀಗಾಗುತ್ತೆ.

ಅಲ್ಬುಮಿನ್, ಗ್ಲೂಕೋಸ್, ಯೂರಿಯಾ: ಮೇಲಿನ ಮೂರು ಕಿಣ್ವಗಳು ಪೆಟ್ಟು ಬಿದ್ದಿದೆಯಾ ಅಂತ ತೋರಿಸಿದ್ರೆ, ಇವು ಲಿವರ್ ಕೆಲಸ ಮಾಡ್ತಿದೆಯಾ ಅಂತ ತೋರಿಸ್ತವೆ. ಇವು ಇಳಿದಿದ್ರೆ ಹೆಚ್ಚು ಎಚ್ಚರ ಬೇಕು. ಬಹುಕಾಲದ ಕಾಯಿಲೆಯಿಂದ ಲಿವರ್ ಕುಗ್ಗಿದ್ದರೆ ಎಎಲ್‌ಟಿ ನಾರ್ಮಲ್ ಇರಬಹುದು. ಸಂಶಯವಿದ್ದರೆ ಡಾಕ್ಟ್ರು ಪಿತ್ತಾಮ್ಲ ಪರೀಕ್ಷೆ ಅಥವಾ ಹೊಟ್ಟೆ ಸ್ಕ್ಯಾನ್ ಹೇಳ್ತಾರೆ.

ಹೊಲ, ಮನೆ ಕಡೆ ನೋಡಿ

ಬೂಸ್ಟು ಹಿಡಿದ ಮೆಕ್ಕೆಜೋಳ, ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಇರುತ್ತೆ. ಬೇಯಿಸಿದ್ರೂ ಈ ವಿಷ ಹೋಗಲ್ಲ. ದನಕ್ಕೆ ಬೇಡ ಅಂತ ತೆಗೆದಿಟ್ಟಿದ್ದನ್ನ ನಾಯಿಗೂ ಹಾಕ್ಬೇಡಿ.

ಗದ್ದೆ, ಕೊಟ್ಟಿಗೆಯಲ್ಲಿ ಇಲಿ ಮೂತ್ರದಿಂದ ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್ ಬರುತ್ತೆ. ಇದು ಲಿವರ್, ಕಿಡ್ನಿ ಎರಡಕ್ಕೂ ಹೊಡೆತ. ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುತ್ತೆ.

ಜ್ವರಕ್ಕೆ ಅಂತ ಮನೆಯಲ್ಲಿರೋ ಪ್ಯಾರಾಸಿಟಮಾಲ್ ಕೊಡೋದು ಇನ್ನೊಂದು ಅಪಾಯ. ಅದೇ ನಾಯಿಯ ಲಿವರ್ ಹಾಳು ಮಾಡಬಹುದು.

ನೀವು ಮಾಡಬೇಕಾದ್ದು

• ರಿಪೋರ್ಟ್‌ನ ಪೂರ್ತಿ ಫೋಟೋ ಕಳಿಸಿ, ಪಕ್ಕದ ನಾರ್ಮಲ್ ಅಂಕಿಗಳೂ ಕಾಣಲಿ. ಮನುಷ್ಯರ ಲ್ಯಾಬ್‌ನಲ್ಲಿ ಮಾಡಿಸಿದ್ರೆ ಅಲ್ಲಿ ಮುದ್ರಿಸಿದ ನಾರ್ಮಲ್ ಅಂಕಿ ನಾಯಿಗೆ ಹೊಂದಲ್ಲ.
• ಇತ್ತೀಚೆಗೆ ಕೊಟ್ಟ ಔಷಧಿ ಎಲ್ಲ ಹೇಳಿ: ಸ್ಟೆರಾಯ್ಡ್, ಫಿಟ್ಸ್ ಮಾತ್ರೆ, ನಾಟಿ ಮದ್ದು ಕೂಡ.
• ನಾಯಿ ಚುರುಕಾಗಿದ್ದು ಅಂಕಿ ಸ್ವಲ್ಪವೇ ಏರಿದ್ದರೆ, ಡಾಕ್ಟ್ರು ಸಾಮಾನ್ಯವಾಗಿ 2ರಿಂದ 4 ವಾರ ಬಿಟ್ಟು ಮತ್ತೆ ಪರೀಕ್ಷೆ ಹೇಳ್ತಾರೆ. ಅದನ್ನ ತಪ್ಪಿಸ್ಬೇಡಿ.
• ಕಣ್ಣು ಹಳದಿ, ಕಪ್ಪು ಸಗಣಿಯಂಥ ಮಲ, ಹೊಟ್ಟೆ ಊತ, ತೂರಾಡೋದು, ಫಿಟ್ಸ್ ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.
• ಇಲಿ ಜ್ವರದ ಸಂಶಯವಿದ್ದರೆ ಕೈಗವಸು ಹಾಕಿ ಸ್ವಚ್ಛ ಮಾಡಿ. ಮನೆಯವರಿಗೆ ಜ್ವರ ಬಂದರೆ ನಾಯಿಯ ವಿಷಯವನ್ನೂ ವೈದ್ಯರಿಗೆ ತಿಳಿಸಿ.
• ಲೆಪ್ಟೋ ಸೇರಿದ ಲಸಿಕೆಯನ್ನ ಪ್ರತಿ ವರ್ಷ ಹಾಕಿಸಿ.

ಲಿವರ್‌ಗೆ ಮತ್ತೆ ಬೆಳೆಯೋ ಶಕ್ತಿ ಇದೆ. ಕಾರಣ ಬೇಗ ಗೊತ್ತಾದ್ರೆ ಎಷ್ಟೋ ನಾಯಿಗಳು ಚೇತರಿಸಿಕೊಳ್ತವೆ.