ಸೈಕಲ್ ಯಾತ್ರೆಯ ಮೊದಲ ದಿನ

ಬೆಂಗಳೂರಿನಿಂದ ಮಡಿಕೇರಿಗೆ ಹತ್ತು ಮಂದಿ ಸೈಕಲ್ ಮೇಲೆ ಹೊರಟಿದ್ದಾರೆನ್ನಿ. ಮೊದಲ ದಿನವೇ ಮೈಸೂರು ಮುಟ್ಟಿಬಿಡೋಣ ಎಂಬುದು ತರುಣರ ಹುರುಪು. ದಾರಿಯೂ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಮಂಡ್ಯ 700ಕ್ಕೂ ಕೆಳಗಿದೆ. ಕಾಲಿನ ಬಲವೆಂದು ಬೀಗುವುದರಲ್ಲಿ ಒಂದು ಪಾಲು ಇಳಿಜಾರಿನದು! ಅದರ ಲೆಕ್ಕವನ್ನು ಕುಶಾಲನಗರ ದಾಟಿದ ಮೇಲೆ ಏರುದಾರಿ ಕೇಳುತ್ತದೆ; ಮಡಿಕೇರಿ 1,100 ಮೀಟರಿಗೂ ಎತ್ತರ.

ಗಾಳಿಯ ಮಾತೂ ಉಂಟು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿ. ಮುಂದಿನವನ ಮರೆಯಲ್ಲಿ ಸಾಗುವವನಿಗೆ ಶ್ರಮ ಕಡಿಮೆ. ಆದುದರಿಂದ ಗಟ್ಟಿಗರು ಸರದಿಯಂತೆ ಮುಂದಿರಬೇಕು. ವೇಗವನ್ನು ಮಾತ್ರ ಎಲ್ಲರಿಗಿಂತ ನಿಧಾನವಾಗಿ ತುಳಿಯುವವನನ್ನು ನೋಡಿ ಗೊತ್ತುಮಾಡತಕ್ಕದ್ದು. ಅವನು ಮರೆ ತಪ್ಪಿ ಒಂಟಿಯಾದನೋ, ತಂಡದ ದುರ್ಬಲನೇ ಗಾಳಿಗೆ ಎದೆಯೊಡ್ಡಿ ಹೆಚ್ಚು ದುಡಿಯಬೇಕಾಗುತ್ತದೆ.

2023ರ ಆಗಸ್ಟಿನಿಂದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಪಕ್ಕದ ಸರ್ವೀಸ್ ರಸ್ತೆಯೇ ಗತಿ. ಬಾಯಾರುವ ಮೊದಲೇ ನೀರು ಕುಡಿಯುತ್ತಿರಬೇಕು. ಮದ್ದೂರಿನಲ್ಲಿ ವಡೆಗೆ ಇಳಿಯದವರುಂಟೆ? ಇಳಿಯಲಿ. ಆದರೆ ಹಿಂದುಳಿದವನು ಬಂದು ಸೇರಿದೊಡನೆ ಉಳಿದವರು ಎದ್ದು ಹೊರಡಕೂಡದು. ವಿಶ್ರಾಂತಿ ಬೇಕಾದದ್ದು ಅವನಿಗೇ. ರಾತ್ರಿಯ ಬಿಡಾರ ಮಂಡ್ಯದಲ್ಲಾಗಲಿ. ಸುಮಾರು 100 ಕಿಲೋಮೀಟರ್ ಆಯಿತಲ್ಲ, ಆ ದಿನಕ್ಕೆ ಅಷ್ಟು ಸಾಕು.